ಬೀದಿಗಾಗಿ ಪ್ರಾರ್ಥನೆ: ನಮ್ಮ ಗುಂಪು ಮಾಡ್ತಿರೋದು ಹೀಗೆ

ಪ್ರಿಯರೇ, 'ಮೈಸೂರನ್ನು ಆಶೀರ್ವದಿಸು ಕರ್ತನೇ' ಅಂತ ಪ್ರತಿ ಭಾನುವಾರ ಪ್ರಾರ್ಥಿಸುತ್ತಿದ್ದೆವು. ಆದರೆ ಪಕ್ಕದ ಬೀದಿಯಲ್ಲಿ ಯಾರಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಈಗ ಮಂಡಿ ಮೊಹಲ್ಲಾದಲ್ಲಿ ವಾರಕ್ಕೊಂದು ಬೀದಿ ಹಿಡಿದು ನಡೆಯುತ್ತೇವೆ.

ಇಬ್ಬರಿಬ್ಬರಾಗಿ ಹೋಗಿ. ಹತ್ತು ಜನ ಹೊರಟರೆ ಮೆರವಣಿಗೆ ಆಗುತ್ತೆ, ಜನ ಗಾಬರಿಯಾಗ್ತಾರೆ. ಬೆಳಿಗ್ಗೆ ಆರು ಗಂಟೆ ಒಳ್ಳೆಯ ಹೊತ್ತು. ಬೀದಿನಾಯಿಗಳಿಗೆ ಮಾತ್ರ ನಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ! ಕಣ್ಣು ತೆರೆದೇ ಪ್ರಾರ್ಥಿಸಿ, ಮೆಲ್ಲಗೆ. ಕಂಡದ್ದೇ ಪ್ರಾರ್ಥನೆಯ ವಿಷಯ: ಬಾಗಿಲು ತೆಗೆಯದ ಅಂಗಡಿ, ಆಟೋ ಒರೆಸುತ್ತಿರುವ ಡ್ರೈವರ್, ಬಿಂದಿಗೆ ಸಾಲಿಟ್ಟು ನೀರಿಗೆ ಕಾಯುವ ಅಜ್ಜಿ. ಕರಪತ್ರ ಬೇಡ. ಯಾರಾದರೂ ಕೇಳಿದರೆ ನಿಜ ಹೇಳಿ, ಅಷ್ಟೇ ಸಾಕು.

ಬೈಬಲಿನಲ್ಲಿ ಯೆರೆಮೀಯ 29:7 ನೋಡಿ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಆ ಪರಊರಿನ ಕ್ಷೇಮಕ್ಕೂ ದುಡಿಯಿರಿ, ಪ್ರಾರ್ಥಿಸಿರಿ ಅಂತ. ಊರಿನ ಕ್ಷೇಮ ಅಂದರೆ ಅಲ್ಲಿರೋ ಎಲ್ಲರದ್ದೂ ಅಲ್ವಾ? ಹಾಗಾಗಿ ನಮ್ಮವರ ಮನೆ ಮುಂದೆ ಮಾತ್ರ ನಿಲ್ಲಬೇಡಿ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಬೀದಿ, ತಾರೀಕು, ವಿಷಯ ಬರೆದರೆ ಸಾಕು. ಯಾರ ಹೆಸರೂ, ಕಾಯಿಲೆಯೂ ಬೇಡ. ಒಮ್ಮೆ ನಾನು ಗುಂಪಿನಲ್ಲಿ ಒಬ್ಬರ ಮನೆ ಕಷ್ಟ ಹೇಳಿಬಿಟ್ಟೆ, ಸಂಜೆಯೊಳಗೆ ಅದು ಬೀದಿಯೆಲ್ಲ ಸುದ್ದಿ. ಆ ಅಕ್ಕ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಕಳೆದ ತಿಂಗಳು ಒಂದು ತಿರುವಿನಲ್ಲಿ ದೀಪ ಇರಲಿಲ್ಲ. ಸುಮ್ನೆ ಪ್ರಾರ್ಥಿಸಿ ಬರಲಿಲ್ಲ, ಕಂಬದ ನಂಬರ್ ಬರೆದುಕೊಂಡು ದೂರು ಕೊಟ್ಟೆವು. ಮೂರನೇ ಸಲಕ್ಕೆ ದೀಪ ಹತ್ತಿತು.