ಸಾಫ್ಟ್‌ವೇರ್ ಒಳಗೆ ಸೇರಿಕೊಂಡ ಲೈಬ್ರರಿಗಳನ್ನು ನಾನು ಬಿಡಿಸಿದ ಬಗೆ

ನಾನು ತುಮಕೂರಿನಲ್ಲಿ ಕೂತು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಪ್ಯಾಕೇಜ್ ಮಾಡುತ್ತೇನೆ, ಅಂದರೆ ಬೇರೆಯವರು ಬರೆದ ಸಾಫ್ಟ್‌ವೇರನ್ನು ಅದರಲ್ಲಿ ಇನ್‌ಸ್ಟಾಲ್ ಆಗುವಂತೆ ಸಿದ್ಧಪಡಿಸುತ್ತೇನೆ. ಹೊಸ ಸಾಫ್ಟ್‌ವೇರ್ ಕೈಗೆ ಬಂದರೆ ಮೊದಲು ಹುಡುಕುವುದು 'ಥರ್ಡ್ ಪಾರ್ಟಿ' ಅಥವಾ 'ವೆಂಡರ್' ಅನ್ನೋ ಫೋಲ್ಡರ್. ಬೇರೆಯವರ ಲೈಬ್ರರಿಗಳ (ಹಲವು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಪ್ರತಿಗಳು ಸಾಮಾನ್ಯವಾಗಿ ಇರುವುದು ಅಲ್ಲೇ. ಈ ಸಲದ್ದು ಪುಟವಿನ್ಯಾಸದ ಸಾಫ್ಟ್‌ವೇರ್. ಬಿ.ಎಚ್. ರಸ್ತೆಯ ಒಂದು ಪ್ರೆಸ್‌ನಲ್ಲಿ ಇದರಲ್ಲೇ ಲಗ್ನಪತ್ರಿಕೆ ಮಾಡುತ್ತಾರೆ. ಒಳಗೆ ಝಡ್‌ಲಿಬ್ (ಡೇಟಾ ಕುಗ್ಗಿಸಲು), ಲಿಬ್‌ವೆಬ್‌ಪಿ (ವೆಬ್‌ಪಿ ಚಿತ್ರಗಳಿಗೆ), ಹಾರ್ಫ್‌ಬಝ್ (ಅಕ್ಷರ ಜೋಡಿಸಲು), ಜೊತೆಗೆ ಒಂದು ಸಣ್ಣ ಪಿಡಿಎಫ್ ಲೈಬ್ರರಿ ಇದ್ದವು.

ಇದ್ದರೇನು ತೊಂದರೆ? 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿಯಲ್ಲಿ ದೊಡ್ಡ ಭದ್ರತಾ ದೋಷ ಹೊರಬಿತ್ತು. ಸಿಸ್ಟಂ ಲೈಬ್ರರಿ (ಆಪರೇಟಿಂಗ್ ಸಿಸ್ಟಂನಲ್ಲಿರುವ, ಎಲ್ಲವೂ ಹಂಚಿಕೊಳ್ಳುವ ಒಂದೇ ಪ್ರತಿ) ಬಳಸುವ ಪ್ರೋಗ್ರಾಂಗಳಿಗೆ ಒಂದೇ ಪ್ಯಾಕೇಜ್ ಅಪ್‌ಡೇಟ್ ಸಾಕಾಯಿತು. ಸ್ವಂತ ಪ್ರತಿ ಇಟ್ಟುಕೊಂಡವನ್ನು ಒಂದೊಂದಾಗಿ ಹುಡುಕಿ ಸರಿ ಮಾಡಬೇಕಾಯಿತು. ಎಲ್ಲೆಲ್ಲಿ ಅಡಗಿದೆ ಅಂತ ಗೊತ್ತಿಲ್ಲದಿದ್ದರೆ ಸರಿ ಮಾಡೋದಾದರೂ ಹೇಗೆ, ಅಲ್ವಾ? ಒಳಗಿನ ಪ್ರತಿಯನ್ನು ಬಳಸಬೇಡಿ ಅಂತ ಡೆಬಿಯನ್ ಪಾಲಿಸಿ ಹೇಳುವುದೂ ಇದಕ್ಕೇ.

ಕೋಡಿನಿಂದ ಪ್ರೋಗ್ರಾಂ ಕಟ್ಟುವ (ಬಿಲ್ಡ್) ಕೆಲಸಕ್ಕೆ ಬಳಸುವ ಸಿಮೇಕ್‌ನಲ್ಲಿ 'ಸಿಸ್ಟಂ ಲೈಬ್ರರಿ ಬಳಸು' ಅನ್ನೋ ಆಯ್ಕೆ ಇತ್ತು. ಅದನ್ನು ಆನ್ ಮಾಡಿ ಸುಮ್ನೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಲೈಬ್ರರಿ ಸಿಗದಿದ್ದರೆ ಕೆಲವು ಬಿಲ್ಡ್‌ಗಳು ಸದ್ದಿಲ್ಲದೆ ಒಳಗಿನ ಪ್ರತಿಗೇ ಹೋಗುತ್ತವೆ. ಅದಕ್ಕೆ ಕಾಪಿರೈಟ್ ಫೈಲಿನಲ್ಲಿ 'ಫೈಲ್ಸ್-ಎಕ್ಸ್‌ಕ್ಲೂಡೆಡ್' (ಯಾವ ಫೈಲ್ ಬಿಡಬೇಕು ಅನ್ನೋ) ಸಾಲು ಸೇರಿಸಿ, ಯುಸ್ಕ್ಯಾನ್ ಅನ್ನೋ ಡೆಬಿಯನ್ ಸಾಧನದಿಂದ ಮೂಲ ಟಾರ್‌ಬಾಲನ್ನೇ (ಕೋಡಿನ ಕಂತೆ) ಹೊಸದಾಗಿ ಕಟ್ಟಿಸಿದೆ. ಕೋಡೇ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನನಗೆ ಬೇಕಾದ್ದೂ ಅದೇ. ಬಿಲ್ಡ್ ಆದ ಮೇಲೆ ರೀಡ್‌ಎಲ್ಫ್ ಅನ್ನೋ ಸಾಧನದಲ್ಲಿ 'ನೀಡೆಡ್' ಸಾಲುಗಳನ್ನು (ಪ್ರೋಗ್ರಾಂಗೆ ಬೇಕಾದ ಹೊರಗಿನ ಲೈಬ್ರರಿಗಳ ಹೆಸರು) ನೋಡಿ, ಪಿಡಿಎಫ್‌ನದ್ದು ಬಿಟ್ಟು ಉಳಿದ ಮೂರೂ ಲೈಬ್ರರಿ ಹೊರಗಿನಿಂದಲೇ ಬರುತ್ತಿವೆ ಅಂತ ಖಚಿತ ಮಾಡಿಕೊಂಡೆ.

ಹಾರ್ಫ್‌ಬಝ್ ವಿಷಯದಲ್ಲಿ ಜಾಸ್ತಿ ಹೊತ್ತು ಕೂತೆ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದು ಅದರ ಕೈಯಲ್ಲಿದೆ. ಬಿಲ್ಡ್ ಯಶಸ್ವಿಯಾಯಿತು ಅಂದರೆ ಅಕ್ಷರ ಸರಿ ಬಂತು ಅಂತಲ್ಲ. 'ಸ್ತ್ರೀ', 'ರಾಷ್ಟ್ರ', 'ಸೂರ್ಯ', 'ರ್‍ಯಾಂಕ್', 'ಕೃತಜ್ಞತೆ' ಇಂಥ ಪದಗಳ ಒಂದು ಪುಟ ಮಾಡಿ, ಹಳೆಯ ಮತ್ತು ಹೊಸ ಬಿಲ್ಡ್‌ಗಳ ಪಿಡಿಎಫ್ ಪಕ್ಕಪಕ್ಕ ಇಟ್ಟು ನೋಡಿದೆ. ಪ್ರೆಸ್‌ನವರಿಗೂ ತೋರಿಸಿದೆ. ಅಕ್ಷರದ ತಪ್ಪು ಹಿಡಿಯುವುದರಲ್ಲಿ ಅವರ ಕಣ್ಣು ನನ್ನದಕ್ಕಿಂತ ಚುರುಕು. ಸಿಸ್ಟಂ ಹಾರ್ಫ್‌ಬಝ್‌ನಲ್ಲೂ ಎಲ್ಲವೂ ಸರಿಯಾಗಿಯೇ ಬಂದವು.

ಕಷ್ಟ ಕೊಟ್ಟಿದ್ದು ಆ ಪಿಡಿಎಫ್ ಲೈಬ್ರರಿ. ಅಪ್‌ಸ್ಟ್ರೀಮ್‌ನವರು (ಈ ಸಾಫ್ಟ್‌ವೇರ್ ಬರೆದವರು) ಅದನ್ನು ತಮಗೆ ಬೇಕಾದಂತೆ ಬದಲಿಸಿಕೊಂಡಿದ್ದರು. ಅದೇ ಆವೃತ್ತಿಯ ಮೂಲ ಕೋಡ್ ತಂದು ಡಿಫ್ (ಎರಡರ ವ್ಯತ್ಯಾಸ) ತೆಗೆದೆ. ಕೆಲವು ಬದಲಾವಣೆ ಬರೀ ಕಂಪೈಲರ್ ಎಚ್ಚರಿಕೆ ತೆಗೆಯಲು ಮಾಡಿದ್ದು. ಆದರೆ ಫಾಂಟ್ ಸೇರಿಸುವ ಫಂಕ್ಷನ್ನಿಗೆ ಹೊಸ ಪ್ಯಾರಾಮೀಟರ್ ಕೊಟ್ಟಿದ್ದರು, ಅದಿಲ್ಲದೆ ಸಾಫ್ಟ್‌ವೇರ್ ನಡೆಯುವುದಿಲ್ಲ. ಆ ಭಾಗವನ್ನು ಪ್ಯಾಚ್ (ಬದಲಾವಣೆಯ ತುಣುಕು) ಮಾಡಿ, ಯಾಕೆ ಬೇಕು ಅಂತ ವಿವರಿಸಿ ಲೈಬ್ರರಿ ಬರೆದವರಿಗೆ ಕಳಿಸಿದೆ. ಅವರು ಒಪ್ಪಿ ಹೊಸ ಆವೃತ್ತಿ ಬಿಡುವವರೆಗೆ ಆ ಪ್ರತಿ ಒಳಗೇ ಇರಲಿ ಅಂತ ತೀರ್ಮಾನಿಸಿದೆ. ಹಟಕ್ಕೆ ಕಿತ್ತು ಸಾಫ್ಟ್‌ವೇರ್ ಕೆಡಿಸಿದರೆ ಯಾರಿಗೆ ಲಾಭ? ಇನ್ನೊಂದು ಲಿನಕ್ಸ್ ಆದ ಫೆಡೋರಾ ಕೂಡ ಈ ವಿಷಯದಲ್ಲಿ ಬಿಗಿಯಾಗಿತ್ತು. 2015ರಲ್ಲಿ ನಿಯಮ ಸಡಿಲಿಸಿ, 'ಬಂಡಲ್ಡ್' (ಒಳಗೇ ಸೇರಿಸಿದ್ದು) ಅಂತ ಪ್ಯಾಕೇಜಿನ ವಿವರವಿರುವ ಸ್ಪೆಕ್ ಫೈಲಿನಲ್ಲಿ ದಾಖಲಿಸಲು ಹೇಳಿತು.

ಹಾಗಾಗಿ ನಾನೂ ದಾಖಲಿಸಿದೆ. ಯಾವ ಆವೃತ್ತಿ, ಏನು ಬದಲಾಗಿದೆ, ಯಾಕೆ ಉಳಿಸಿಕೊಂಡೆ ಅಂತ ರೀಡ್‌ಮಿ ಸೋರ್ಸ್ ಫೈಲಿನಲ್ಲಿ ಬರೆದೆ. ಅದರ ಲೈಸೆನ್ಸನ್ನು ಕಾಪಿರೈಟ್ ಫೈಲಿನಲ್ಲಿ ಬೇರೆಯಾಗಿ ಸೇರಿಸಿದೆ. ಇಂಥ ಪ್ರತಿಗಳ ಪಟ್ಟಿ ಇಡುವ ಡೆಬಿಯನ್ ಭದ್ರತಾ ತಂಡಕ್ಕೂ ತಿಳಿಸಿದೆ. ಈಗ ಹೊಸ ಬಿಡುಗಡೆ ಬಂದಾಗಲೆಲ್ಲ ಮೊದಲು ಆ ಫೋಲ್ಡರಿನ ಡಿಫ್ ನೋಡುತ್ತೇನೆ. ಬಾಕಿ ಕೆಲಸ ಆಮೇಲೆ.