ಇಂಗ್ಲೆಂಡಿನ ಹಳೇ ಶಾಲೆ ರಿಜಿಸ್ಟರಲ್ಲಿ ಮುತ್ತಜ್ಜನ್ನ ಹುಡುಕೋದು ಹೇಗೆ

ಪುಣೆಲಿ ಇರೋರಿಗೆ ಶಾಲೆ ದಾಖಲೆ ಬೆಲೆ ನಾನು ಹೇಳ್ಬೇಕಾಗಿಲ್ಲ, ಜಾತಿ ಸರ್ಟಿಫಿಕೇಟಿಗೆ ಅಂತ ಅಜ್ಜ ಓದಿದ ಶಾಲೆ ತನಕ ಹೋಗಿ ಹಳೇ ಜನರಲ್ ರಿಜಿಸ್ಟರ್ ತೆಗೆಸಿ ನಿರ್ಗಮ ಉತಾರಾ, ಅಂದ್ರೆ ಶಾಲೆ ಬಿಟ್ಟ ದಾಖಲೆ ನಕಲು, ತಂದೋರು ಎಷ್ಟೋ ಜನ ಇದಾರೆ. ಬ್ರಿಟನ್ನಲ್ಲೂ ಅಂಥದೇ ಪುಸ್ತಕ ಇದೆ, ಅಡ್ಮಿಶನ್ ರಿಜಿಸ್ಟರ್ ಅಂತಾರೆ. ನಮ್ಮಣ್ಣನ ಸೊಸೆ ಲ್ಯಾಂಕಾಶೈರ್ ಕಡೆಯವಳು, ದೀಪಾವಳಿಗೆ ಪುಣೆಯ ಕೊಥ್ರೂಡಿಗೆ ಬಂದಾಗ ಅವಳ ಮುತ್ತಜ್ಜನ ವಿಷಯ ಬಂತು, 1901ರ ಸೆನ್ಸಸ್ಸಲ್ಲಿ ಒಂದೂರು, 1911ರಲ್ಲಿ ಇನ್ನೊಂದೂರು, ಮಧ್ಯದ ಹತ್ತು ವರ್ಷ ಎಲ್ಲಿದ್ರು ಅಂತಾನೇ ಗೊತ್ತಿಲ್ಲ. ಆ ಗ್ಯಾಪ್ ತುಂಬೋದು ಶಾಲೆ ರಿಜಿಸ್ಟರೇ.

ಮೊದಲು ಸೆನ್ಸಸ್ಸಿನ ವಿಳಾಸ ನೋಡಿ, ಅದರ ಹತ್ರ ಆಗ ಯಾವ ಶಾಲೆ ಇತ್ತು ಹುಡುಕಿ. ನ್ಯಾಷನಲ್ ಸ್ಕೂಲ್ ಅಂದ್ರೆ ಚರ್ಚ್ ಆಫ್ ಇಂಗ್ಲೆಂಡಿಂದು, ಬೋರ್ಡ್ ಸ್ಕೂಲ್ ಅಂದ್ರೆ 1870ರ ಶಿಕ್ಷಣ ಕಾಯ್ದೆ ಆದ್ಮೇಲೆ ಬಂದ, ಊರಿನ ಸ್ಕೂಲ್ ಬೋರ್ಡ್ ನಡೆಸ್ತಿದ್ದದ್ದು. ಫೈಂಡ್‌ಮೈಪಾಸ್ಟ್ ಅನ್ನೋ ವಂಶಾವಳಿ ವೆಬ್‌ಸೈಟಲ್ಲಿ 1870ರಿಂದ 1914ರವರೆಗಿನ ರಿಜಿಸ್ಟರುಗಳ ದೊಡ್ಡ ಸಂಗ್ರಹ ಇದೆ, ಪುಟದ ಫೋಟೋ ನೋಡೋಕೆ ದುಡ್ಡು ಕೊಡ್ಬೇಕು. ಅಲ್ಲಿ ಸಿಗ್ಲಿಲ್ಲ ಅಂದ್ರೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸಿನ ಡಿಸ್ಕವರಿ ಅನ್ನೋ ಆನ್‌ಲೈನ್ ಕೆಟಲಾಗಲ್ಲಿ ಶಾಲೆ ಹೆಸರು ಹಾಕಿ, ಪುಸ್ತಕ ಯಾವ ಕೌಂಟಿ (ನಮ್ಮ ಜಿಲ್ಲೆ ಥರ) ರೆಕಾರ್ಡ್ ಆಫೀಸಲ್ಲಿದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತೆ. ತೀರಾ ಈಚಿನ ಪುಸ್ತಕ ಆದ್ರೆ ಗೌಪ್ಯತೆ ಅಂತ ತೋರಿಸದೇ ಇರಬಹುದು.

ಸಾಲು ಸಿಕ್ತು ಅಂತ ಹೆಸರು ಮಾತ್ರ ಬರ್ಕೊಂಡು ಬಿಡ್ಬೇಡಿ, ಪೂರ್ತಿ ಓದಿ. ಸೇರಿದ ತಾರೀಖು, ಅಪ್ಪನ ಹೆಸರು, ಮನೆ ವಿಳಾಸ, ಹಿಂದಿನ ಶಾಲೆ, ಬಿಟ್ಟ ಕಾರಣ. ನನ್ನ ಪ್ರಕಾರ ಹಿಂದಿನ ಶಾಲೆ ಅನ್ನೋ ಕಾಲಂ ಚಿನ್ನ, ಅದನ್ನೇ ಹಿಡ್ಕೊಂಡು ಒಂದೊಂದೇ ಊರು ಹಿಂದಕ್ಕೆ ಹೋಗಬಹುದು, ನಮಗೂ ಮಧ್ಯದ ಊರು ಸಿಕ್ಕಿದ್ದು ಹಾಗೇ. ಬಿಟ್ಟ ಕಾರಣದಲ್ಲಿ ಊರು ಬಿಟ್ರು, ಕೆಲಸಕ್ಕೆ ಹೋದ, ಕೆಲವೊಮ್ಮೆ ತೀರಿಕೊಂಡ ಅಂತ ಒಂದೇ ಪದ ಇರುತ್ತೆ, ಓದುವಾಗ ಕರುಳು ಚುರ್ ಅನ್ನುತ್ತೆ. ಹಾಫ್ ಟೈಮರ್ ಅಂತ ಇದ್ರೆ ಮಗು ಅರ್ಧ ದಿನ ಕೆಲಸ, ಲ್ಯಾಂಕಾಶೈರಲ್ಲಿ ಹೆಚ್ಚಾಗಿ ಹತ್ತಿ ಗಿರಣಿ, ಅರ್ಧ ದಿನ ಶಾಲೆ ಅಂತ ಅರ್ಥ, 1918ರ ಶಿಕ್ಷಣ ಕಾಯ್ದೆ ಬಂದ್ಮೇಲೆ ಆ ಪದ್ಧತಿ ನಿಂತದ್ದು. ಸೋಲಾಪುರದ ಗಿರಣಿ ಸಂಸಾರ ನೋಡಿದೋರಿಗೆ ಬಿಡಿಸಿ ಹೇಳೋದೇ ಬೇಡ.

ಹುಟ್ಟಿದ ತಾರೀಖನ್ನ ಮಾತ್ರ ಪೂರ್ತಿ ನಂಬ್ಬೇಡಿ. ನಮ್ಮ ಕಡೆ ಮಾಸ್ತರು ಎಲ್ಲರಿಗೂ ಜೂನ್ 1 ಬರೆದ ಹಾಗೇ ಅಲ್ಲೂ ಬಾಯಲ್ಲಿ ಹೇಳಿದ್ದನ್ನ ಬರ್ಕೊಂಡಿರ್ತಾರೆ, ಬೇಗ ಕೆಲಸಕ್ಕೆ ಹಾಕೋಕೆ ವಯಸ್ಸು ಏರಿಸಿದ ಅಪ್ಪಅಮ್ಮನೂ ಇದ್ರು, ಜನನ ನೋಂದಣಿ ಜೊತೆ ತಾಳೆ ನೋಡಿ.

ಆಮೇಲೆ ಅದೇ ಶಾಲೆ ಲಾಗ್ ಬುಕ್, ಅಂದ್ರೆ ಶಾಲೆಯ ಡೈರಿ, ಕೇಳಿ. 1862ರಿಂದ ಸರ್ಕಾರಿ ಗ್ರಾಂಟ್ ತಗೊಳ್ಳೋ ಶಾಲೆ ಹೆಡ್ ಮಾಸ್ತರು ಇದನ್ನ ಬರೀಲೇಬೇಕಿತ್ತು. ಮಗುವಿನ ಹೆಸರು ಇಲ್ದೇ ಇದ್ರೂ ದಡಾರಕ್ಕೆ ಶಾಲೆ ಮುಚ್ಚಿದ್ದು, ಹಿಮ ಬಿದ್ದದ್ದು, ಆಲೂಗಡ್ಡೆ ಕೀಳೋಕೆ ಮಕ್ಕಳು ಹೋದದ್ದು ಎಲ್ಲಾ ಸಿಗುತ್ತೆ.

ಮುತ್ತಜ್ಜನ ತಂಗಿ ಮಾತ್ರ ನಮಗಿನ್ನೂ ಸಿಕ್ಕಿಲ್ಲ. ಹುಡುಗರು, ಹುಡುಗಿಯರು, ಸಣ್ಣ ಮಕ್ಕಳು ಅಂತ ಎಷ್ಟೋ ಕಡೆ ಬೇರೆಬೇರೆ ರಿಜಿಸ್ಟರ್ ಇರ್ತಿತ್ತು, ನಾವು ಹುಡುಗರದ್ದು ಮಾತ್ರ ನೋಡಿದ್ವಿ, ಈಗ ಹುಡುಗಿಯರ ಪುಸ್ತಕಕ್ಕೆ ರೆಕಾರ್ಡ್ ಆಫೀಸಿಗೆ ಮೇಲ್ ಹಾಕಿದೀವಿ.