ಬರವಣಿಗೆಯ ತಂತ್ರಾಂಶ: ಮೊದಲ ಆವೃತ್ತಿಗೆ ಏನು ಬೇಕು, ಏನು ಬೇಡ

ಬೇಕುಗಳ ಪಟ್ಟಿಯನ್ನು ಜರಡಿ ಹಿಡಿಯಲು ನಾನು ಬಳಸಿದ್ದು ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಬರೆದದ್ದು ಕಳೆದುಹೋಗುತ್ತದೆಯೇ, ಅಥವಾ ಬರೆಯುವ ಕೈ ನಿಲ್ಲುತ್ತದೆಯೇ? ಎರಡೂ ಇಲ್ಲವೆಂದಾದರೆ ಅದು ಮುಂದಿನ ಆವೃತ್ತಿಗೆ. ಟೈಪಿಸುವುದು, ಉಳಿಸುವುದು, ಅಂಡೂ (ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಪಡೆಯುವುದು), ಹುಡುಕಾಟ, ಎಕ್ಸ್‌ಪೋರ್ಟ್ ಉಳಿದವು. ಪದಗಳ ಎಣಿಕೆ ಈ ಜರಡಿಯಲ್ಲಿ ನಿಲ್ಲುವುದಿಲ್ಲ, ಆದರೂ ಇಟ್ಟುಕೊಂಡೆ. ಕೆಲಸ ಚಿಕ್ಕದು, ಪದಮಿತಿಯೊಳಗೆ ಬರೆಯುವವರಿಗೆ ಅದು ದಿನವೂ ಬೇಕು.

ಹೆಚ್ಚು ಸಮಯ ಕೊಟ್ಟಿದ್ದು ಉಳಿಸುವುದಕ್ಕೆ. ಹಳೆಯ ಫೈಲಿನ ಮೇಲೆಯೇ ಬರೆಯಲು ಹೊರಟರೆ ಮೊದಲು ಅದು ಖಾಲಿಯಾಗುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಾಗಾಗಿ ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಮಾಡಿ, ಪೂರ್ತಿ ಬರೆದು, ಎಫ್‌ಸಿಂಕ್‌ನಿಂದ (ಮೆಮೊರಿಯಲ್ಲಿರುವುದನ್ನು ಈಗಲೇ ಡಿಸ್ಕಿಗೆ ಬರೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಆಜ್ಞೆ) ಡಿಸ್ಕಿಗೆ ಇಳಿಸಿ, ಕೊನೆಗೆ ಹಳೆಯ ಹೆಸರಿಗೆ ರೀನೇಮ್. ತಾತ್ಕಾಲಿಕ ಫೈಲ್ ಬೇರೆ ಡಿಸ್ಕಿನಲ್ಲಿದ್ದರೆ ರೀನೇಮ್ ಒಂದೇ ಏಟಿಗೆ ಆಗುವುದಿಲ್ಲ. ಟೈಪಿಂಗ್ ನಿಂತ 2 ಸೆಕೆಂಡಿಗೆ ಒಮ್ಮೆ ಉಳಿಸುವುದು, ಕೈ ನಿಲ್ಲದಿದ್ದರೆ 30 ಸೆಕೆಂಡಿಗೊಮ್ಮೆ. ಈ ಎರಡನೆಯದನ್ನು ಮರೆತರೆ ಒಂದೇ ಓಘದಲ್ಲಿ ಬರೆಯುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು, ಟೈಪಿಸುತ್ತಿರುವಾಗಲೇ ಪ್ರೊಸೆಸ್ ಕಿಲ್ ಮಾಡಿ (ತಂತ್ರಾಂಶವನ್ನು ಬಲವಂತವಾಗಿ ನಿಲ್ಲಿಸಿ), ಮತ್ತೆ ತೆರೆದು ನೋಡಬೇಕು. ಆದರೆ ಅದರಿಂದ ಎಫ್‌ಸಿಂಕ್ ಪರೀಕ್ಷೆಯಾಗುವುದಿಲ್ಲ, ಏಕೆಂದರೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಓಡುತ್ತಲೇ ಇರುತ್ತದೆ. ಅದಕ್ಕೆ ವರ್ಚುವಲ್ ಮಷೀನನ್ನೇ (ಕಂಪ್ಯೂಟರಿನೊಳಗೆ ಓಡುವ ನಕಲಿ ಕಂಪ್ಯೂಟರ್) ತಟ್ಟನೆ ಆಫ್ ಮಾಡಬೇಕು.

ಕನ್ನಡ ಪಠ್ಯವನ್ನು ಮೊದಲ ದಿನದಿಂದಲೇ ಹಾಕಿ ನೋಡಿ. ‘ಕ್ಷಿ’ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ 4 ಸಂಕೇತ: ಕ, ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಚಿಹ್ನೆ), ಷ, ಗುಡಿಸು. ಬಾಣದ ಕೀಲಿ ಇಡೀ ಅಕ್ಷರವನ್ನು ದಾಟಬೇಕು. ಬ್ಯಾಕ್‌ಸ್ಪೇಸ್ ಮಾತ್ರ ಗುಡಿಸನ್ನಷ್ಟೇ ಅಳಿಸಬೇಕು, ಇಲ್ಲದಿದ್ದರೆ ಒಂದು ಸ್ವರ ತಪ್ಪಿದ್ದಕ್ಕೆ ಒತ್ತಕ್ಷರವನ್ನೆಲ್ಲ ಮತ್ತೆ ಟೈಪಿಸಬೇಕಾಗುತ್ತದೆ. ಲೈಬ್ರರಿ ಇದನ್ನು ತಾನೇ ನೋಡಿಕೊಳ್ಳುತ್ತದೆಂದು ಬಿಡಬೇಡಿ, ವಿರಾಮದ ಬಳಿ ಅಕ್ಷರವನ್ನು ಒಡೆಯುವ ಲೈಬ್ರರಿಗಳಿವೆ. ಹುಡುಕಾಟದಲ್ಲಿ ಇನ್ನೊಂದು ತೊಡಕು: ‘ಕೊ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿರಬಹುದು, ಎರಡು ಸಂಕೇತಗಳ ಜೋಡಿಯೂ ಆಗಿರಬಹುದು. ನೋಟ ಒಂದೇ, ಬೈಟುಗಳು ಬೇರೆ, ಹಾಗಾಗಿ ಎದುರಿಗಿದ್ದ ಪದವೂ ಸಿಗುವುದಿಲ್ಲ. ಹುಡುಕುವ ಪದ, ಪಠ್ಯ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯುನಿಕೋಡ್ ರೂಪ) ತಂದು ಹೋಲಿಸಿದರೆ ಸಾಕು, ಫೈಲನ್ನು ಮುಟ್ಟಬಾರದು.

ಥೀಮ್, ಕ್ಲೌಡ್ ಸಿಂಕ್ ಬಿಟ್ಟೆ. ಕಾಗುಣಿತ ಪರೀಕ್ಷೆಯನ್ನೂ ಬಿಟ್ಟೆ: ಪ್ರತ್ಯಯ, ಸಂಧಿ ತಿಳಿಯದ ಬರೀ ಪದಪಟ್ಟಿ ಸರಿಯಾದ ಕನ್ನಡಕ್ಕೂ ಕೆಂಪು ಗೆರೆ ಎಳೆಯುತ್ತದೆ.

ಹಲವರು ಒಟ್ಟಿಗೆ ತಿದ್ದುವ ಸೌಲಭ್ಯವನ್ನು ಬಿಡುವಾಗ ಮಾತ್ರ ಯೋಚಿಸಿದೆ, ಏಕೆಂದರೆ ಅದನ್ನು ಆಮೇಲೆ ಸೇರಿಸಲು ಒಳರಚನೆಯನ್ನೇ ಕೆಡವಬೇಕಾಗುತ್ತದೆ. ಹಾಗಾಗಿ ಪ್ರತಿ ಬದಲಾವಣೆಯೂ ‘ಇಲ್ಲಿ ಇಷ್ಟು ಅಳಿಸು, ಇದನ್ನು ಸೇರಿಸು’ ಎಂಬ ಒಂದೇ ದಾರಿಯಲ್ಲಿ ಹೋಗುವಂತೆ ಮಾಡಿದೆ. ಅಂಡೂ ಅದರ ಮೇಲೆಯೇ ನಿಂತಿದೆ, ಅಕ್ಷರಕ್ಕೊಂದರಂತೆ ಅಲ್ಲ, ಪದಕ್ಕೊಂದು ಹೆಜ್ಜೆ.

ಬಳಕೆದಾರರಿಗೆ ಕಾಣದ ಒಂದನ್ನು ಮೊದಲ ಆವೃತ್ತಿಯಲ್ಲೇ ಇಡಲೇಬೇಕು: ಫೈಲಿನೊಳಗೆ ಅದರ ಸ್ವರೂಪದ ಆವೃತ್ತಿ ಸಂಖ್ಯೆ. ಅದಿಲ್ಲದಿದ್ದರೆ ಹಳೆಯ ತಂತ್ರಾಂಶ ಹೊಸ ಫೈಲನ್ನು ತೆರೆದು, ತನಗೆ ಅರ್ಥವಾಗದ ಭಾಗವನ್ನು ಬಿಟ್ಟು, ಉಳಿದದ್ದನ್ನಷ್ಟೇ ಸೇವ್ ಮಾಡಿಬಿಡುತ್ತದೆ. ಸಂಖ್ಯೆ ತನ್ನದಕ್ಕಿಂತ ದೊಡ್ಡದಿದ್ದರೆ ಓದಲು ಮಾತ್ರ ತೆರೆಯಬೇಕು.